ಬಾದಾಮಿ ಎಲೆಯ ನವಿಲು

ಮೊನ್ನೆ ಬಿ.ಪಿ. ಮಾತ್ರೆಗೆಂದು ಚಾಮರಾಜನಗರದ ಆಸ್ಪತ್ರೆಗೆ ಹೋಗಿದ್ದೆ. ಚೀಟಿ ಮಾಡಿಸಿ ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಕಸ ಗುಡಿಸುವ ಹೆಂಗಸು ಕಾಂಪೌಂಡಿನ ಮೂಲೆಯಲ್ಲಿ ಎಲೆಗಳನ್ನು ರಾಶಿ ಮಾಡಿ ಬೆಂಕಿ ಹಚ್ಚಿದಳು. ಬಾದಾಮಿ ಮರದ ಎಲೆ. ನಮ್ಮ ಕಡೆ ಉಳಿದ ಮರಗಳೆಲ್ಲ ಸಂಕ್ರಾಂತಿ ಕಳೆದ ಮೇಲೆ ಹಳದಿಯಾಗಿ, ಕಂದಾಗಿ ಉದುರುತ್ತವೆ. ಬಾದಾಮಿ ಮಾತ್ರ ಉದುರುವ ಮುಂಚೆ ಕುಂಕುಮದ ಹಾಗೆ ಕೆಂಪಾಗುತ್ತದೆ. ಪೂರ್ತಿ ಒಣಗದ ಆ ಎಲೆ ಬೆಂಕಿಗೆ ಬಿದ್ದರೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಆ ಒಗರು ಹೊಗೆ ಮೂಗಿಗೆ ಬಡಿದದ್ದೇ ನನಗೆ ಅಲ್ಲಿ ಕೂರಲಾಗಲಿಲ್ಲ. ಒಳಗೆ ನನ್ನ ಹೆಸರು ಕೂಗುತ್ತಿದ್ದರೂ ಎದ್ದು ಬಸ್‌ಸ್ಟ್ಯಾಂಡಿಗೆ ಬಂದುಬಿಟ್ಟೆ. ತೆರಕಣಾಂಬಿ ದಾಟುವವರೆಗೂ ಆ ವಾಸನೆ ಅಂಗಿಯಲ್ಲೇ ಇತ್ತು.

ಮೂರು ವರ್ಷದ ಹಿಂದೆ, ಇದೇ ಎಲೆ ಉದುರುವ ಕಾಲದಲ್ಲಿ, ಸಂಕ್ರಾಂತಿಯಿಂದ ಯುಗಾದಿಯವರೆಗಿನ ಎರಡೂವರೆ ತಿಂಗಳಲ್ಲಿ, ನಾನು ಒಂದು ತಪ್ಪು ಮಾಡಿದೆ. ನೋಡಿದವರಿಗೆ ಅದು ತಪ್ಪು ಅಂತ ಅನ್ನಿಸಲೇ ಇಲ್ಲ, ಹೊಗಳಿದರು. ಮಗನಿಗೆ ಇವತ್ತಿಗೂ ಹೇಳಿಲ್ಲ. ಬರೆದಾದರೂ ಹೇಳಿಬಿಡೋಣ ಎಂದು ಕೂತಿದ್ದೇನೆ.

ನಾನು ಟೈಲರು. ಓದಿದ್ದು ಎಸ್ಸೆಸ್ಸೆಲ್ಸಿ. ಗುಂಡ್ಲುಪೇಟೆಯಲ್ಲಿ ನಲವತ್ತು ವರ್ಷ ಅಂಗಡಿ ಇಟ್ಟಿದ್ದೆ. ನನ್ನ ಹೆಂಡತಿ ಚೆನ್ನಾಜಮ್ಮ ಉಡಿಗಾಲದವಳು. ಮದುವೆಯಾಗಿ ಬಂದ ವರ್ಷವೇ ಅವಳಿಗೆ ಕಾಜಾ ಹೊಡೆಯುವುದು, ಗುಂಡಿ ಹಾಕುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಕಲಿಸಿದೆ. ಸಂಜೆ ಅಂಗಡಿಯಿಂದ ಬಟ್ಟೆಯ ಗಂಟು ಮನೆಗೆ ತರುತ್ತಿದ್ದೆ, ಬೆಳಗ್ಗೆ ಒಯ್ಯುತ್ತಿದ್ದೆ. ಒಯ್ಯುವ ಮುಂಚೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಂದು ಎಳೆ ಓರೆಯಾಗಿದ್ದರೂ ಬ್ಲೇಡಿನಿಂದ ಬಿಚ್ಚಿ ನಾನೇ ಮತ್ತೆ ಹೊಲಿಯುತ್ತಿದ್ದೆ. ಅವಳ ಎದುರಿಗೇ. ಬೈದವನಲ್ಲ, ಕೈ ಎತ್ತಿದವನಂತೂ ಅಲ್ಲ. ಬಿಚ್ಚುತ್ತಿದ್ದೆ, ಅಷ್ಟೆ. ಒಂದು ಸಲ ಅವಳು, "ಬೈದ್ಬುಡಿ ಅತ್ಲಾಗೆ. ಬಿಚ್ಬೇಡಿ" ಅಂದಿದ್ದಳು. ನಕ್ಕು ಮತ್ತೆ ಬ್ಲೇಡು ಹಿಡಿದಿದ್ದೆ. ಅಂಗಡಿಗೆ ಬಂದ ಗಿರಾಕಿ ಓರೆ ಕಾಜಾ ನೋಡಿದರೆ ಮತ್ತೆ ಬರುತ್ತಾನೆಯೇ? ನನ್ನ ಲೆಕ್ಕ ಅದೊಂದೇ ಆಗಿತ್ತು.

ರೆಡಿಮೇಡು ಬಂತು. ಎಲ್ಲ ಟೈಲರಂಗಡಿಗಳ ಹಾಗೆ ನನ್ನದೂ ಮುಚ್ಚಿತು. ಮೆಷಿನ್ನನ್ನು ಮನೆಗೆ ತಂದು ಹಳೆಯ ಪಂಚೆ ಹೊದಿಸಿಟ್ಟೆ. ಮಗ ಮಲ್ಲೇಶ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಸೊಸೆ ಮಂಜುಳ ಬೆಳಗ್ಗೆ ವ್ಯಾನ್ ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಹಗಲು ಮನೆಯಲ್ಲಿ ನಾವಿಬ್ಬರೇ.

ಆ ವರ್ಷ ಧನುರ್ಮಾಸದ ಒಂದು ಬೆಳಗ್ಗೆ, ಮುದ್ದೆ ತಿರುವುತ್ತಿದ್ದ ಕೋಲು ಚೆನ್ನಾಜಿಯ ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವಳು ಹಾಗೇ ಒಲೆಯ ಪಕ್ಕಕ್ಕೆ ವಾಲಿದಳು. ಲಕ್ವ. ಬಲಗೈ, ಬಲಗಾಲು, ಅದರ ಜೊತೆಗೆ ಮಾತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದಳು. ಮಾತು ಬರಲಿಲ್ಲ. ನಾವು ಹೇಳಿದ್ದು ಎಲ್ಲ ತಿಳಿಯುತ್ತದೆ, ನಗು ಬರುವ ಕಡೆ ನಗುತ್ತಾಳೆ, ಆದರೆ ಬಾಯಿ ತೆರೆದರೆ ಬರೀ ಉಸಿರು. ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಮರೆತು ಹೋದ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು.

ವಾರಕ್ಕೊಮ್ಮೆ, ಶುಕ್ರವಾರ, ಆಸ್ಪತ್ರೆಗೆ ಹೋಗಬೇಕಾಗಿತ್ತು. ಕೈಕಾಲಿಗೆ ವ್ಯಾಯಾಮ ಮಾಡಿಸುವ ರೂಮಿನಲ್ಲಿ ಲಿಜಿ ಎಂಬ ಹುಡುಗಿ ಇದ್ದಳು. ಕೇರಳದ ಬತ್ತೇರಿ ಕಡೆಯವಳು. ಕನ್ನಡವನ್ನು ನಿಧಾನವಾಗಿ, ಅಳೆದು ಅಳೆದು ಮಾತಾಡುತ್ತಿದ್ದಳು. ಕೊನೆಗೆ "ಕೇಟೋ" ಅಂತ ಸೇರಿಸುತ್ತಿದ್ದಳು, ನಾವು "ಗೊತ್ತಾಯ್ತಾ" ಅನ್ನುವ ಹಾಗೆ. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಅಜ್ಜಾ, ಮೊದಲ ಆರು ತಿಂಗಳು ತುಂಬ ಮುಖ್ಯ. ಈಗ ಕೈ ಹೊಸದಾಗಿ ಕಲೀತದೆ, ಚಿಕ್ಕ ಮಗು ಥರ. ಕಲಿಸದೆ ಬಿಟ್ರೆ ಬೆರಳು ಬಿಗಿದುಬಿಡ್ತದೆ. ಆಮೇಲೆ ಯಾರಿಂದಲೂ ಆಗಲ್ಲ, ಕೇಟೋ."

ರಬ್ಬರ್ ಚೆಂಡು ಕೊಟ್ಟಳು, ಹಿಂಡಲು. ಚೆನ್ನಾಜಿ ಅದನ್ನು ಮುಟ್ಟಲೇ ಇಲ್ಲ. ಮಕ್ಕಳ ಚೆಂಡು ಕೊಟ್ಟು ಆಟಕ್ಕೆ ಕೂರಿಸಿದರೆಂದು ಮುಖ ತಿರುಗಿಸಿದಳು. ಸಂಕ್ರಾಂತಿಯಾದ ಮೇಲಿನ ಶುಕ್ರವಾರ ನಮ್ಮ ಸರದಿಗೆ ಕಾಯುತ್ತ ಆ ಬಾದಾಮಿ ಮರದ ಕೆಳಗೆ ಕೂತಿದ್ದೆವು. ಒಂದು ಕೆಂಪು ಎಲೆ ಬಂದು ಅವಳ ಮಡಿಲಿಗೆ ಬಿತ್ತು. ಎಡಗೈಯಿಂದ ಎತ್ತಿ ನೋಡಿದಳು, ತಿರುಗಿಸಿದಳು, ಮತ್ತೆ ಮಡಿಲಿಗೆ ಹಾಕಿಕೊಂಡಳು. ಆಮೇಲೆ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಎಲೆಯ ತೊಟ್ಟಿನ ಕಡೆ ಸರಿದವು. ಹುಳು ಸರಿದಷ್ಟು. ತೊಟ್ಟು ಸಿಕ್ಕಿತು, ಜಾರಿತು, ಸಿಕ್ಕಿತು. ಎಲೆ ಒಂದು ಅಂಗುಲ ಮೇಲೆದ್ದಿತು.

ಟೀ ಲೋಟ ಹಿಡಿದು ಬರುತ್ತಿದ್ದ ಲಿಜಿ ಅಲ್ಲೇ ನಿಂತು ನೋಡಿದಳು. "ಚೆಂಡು ಬೇಡ ಅಜ್ಜೀ. ಎಲೆ ಸಾಕು" ಅಂದಳು.

ಅವತ್ತಿನಿಂದ ಎಲೆಯೇ ವ್ಯಾಯಾಮವಾಯಿತು. ಮೊದಲ ವಾರ ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ ಎಲೆ ಎತ್ತಿಡುವುದು. ಎರಡನೆಯ ವಾರ ರಟ್ಟಿನ ಮೇಲೆ ಗೋಂದು ಸವರಿ ಎಲೆ ಅಂಟಿಸುವುದು. ಆಮೇಲೆ ಸೀಳುವುದು, ಸುತ್ತುವುದು, ಕಡ್ಡಿ ಚುಚ್ಚುವುದು, ದೊಡ್ಡ ಸೂಜಿಯಲ್ಲಿ ಪೋಣಿಸುವುದು. "ಮನೇಲಿ ಮಾಡಿದ್ದು ಪ್ರತಿ ಶುಕ್ರವಾರ ತಗೊಂಡು ಬನ್ನಿ. ಅದು ನೋಡಿ ಮುಂದಿನದು ಹೇಳ್ತೀನಿ" ಎಂದು ಲಿಜಿ ಹೇಳಿದಳು. ನನ್ನ ಕಡೆ ತಿರುಗಿ, "ಅಜ್ಜ ಸಹಾಯ ಮಾಡಬಾರದು. ಕೆಟ್ಟದಾಗಿ ಬಂದ್ರೂ ಪರವಾಗಿಲ್ಲ. ನಂಗೆ ಕೆಟ್ಟದ್ದೇ ಬೇಕು. ಎಲ್ಲಿ ಕೆಟ್ಟಿದೆ ಅಂತ ನೋಡಿದ್ರೆ ಯಾವ ಬೆರಳು ಕೆಲಸ ಮಾಡ್ತಿಲ್ಲ ಅಂತ ಗೊತ್ತಾಗ್ತದೆ" ಅಂದಳು.

ಇಷ್ಟು ಬಿಡಿಸಿ ಹೇಳಿದ್ದಳು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಆ ದಿನಗಳಲ್ಲಿ ಬೆಳಗ್ಗೆ ಮಂಜು ಆರುವ ಮುಂಚೆ ಊಟಿ ರೋಡಿನ ಅಂಚಿಗೆ ಚೀಲ ಹಿಡಿದು ಹೋಗುತ್ತಿದ್ದೆ. ಬಿಸಿಲು ಬಿದ್ದ ಮೇಲೆ ಎತ್ತಿದ ಎಲೆ ಕೈಯಲ್ಲೇ ಪುಡಿಯಾಗುತ್ತದೆ, ಅವತ್ತೇ ಉದುರಿ ಇಬ್ಬನಿ ಕುಡಿದದ್ದು ಬಗ್ಗುತ್ತದೆ. ಹೊಂಗೆಯ ಹಳದಿ ಎಲೆ, ಹಲಸಿನ ದಪ್ಪ ಎಲೆ, ಅರಳಿಯ ಬಾಲದೆಲೆ, ಒಂದು ಸ್ಕೂಲಿನ ಗೇಟಿನ ಹತ್ತಿರ ಬಾದಾಮಿ. ಟೀ ಅಂಗಡಿಯ ಸಿದ್ದಪ್ಪ ದಿನಾ ಕೂಗುತ್ತಿದ್ದ: "ಏನ್ ಟೈಲ್ರೇ, ಬಟ್ಟೆ ಸಿಕ್ಕ್‌ನಿಲ್ಲ ಅಂತ ಎಲೇಲೇ ಒಲೀತಿದ್ದೀರಾ? ನಂಗೂ ಒಂದ್ ಜೊತೆ ಚಡ್ಡಿ ಒಲ್ದುಬುಡಿ, ಬೇಸ್ಗೆಗೆ ತಂಪಾಗಿರ್ತದೆ." ನಾನೂ, "ಅಳತೆ ಕೊಡು ಬಾರ್ಲಾ, ನಿನ್ ಸೊಂಟಕ್ಕೆ ಬಾಳೆ ಎಲೇನೇ ಬೇಕು" ಎನ್ನುತ್ತಿದ್ದೆ. ಕೆಲಸವಿಲ್ಲದೆ ಎಷ್ಟೋ ವರ್ಷ ಕೂತಿದ್ದವನಿಗೆ ಬೆಳಗ್ಗೆ ಎದ್ದು ಹೋಗಲು ಒಂದು ಕಾರಣ ಸಿಕ್ಕಿತ್ತು.

ಎರಡನೆಯ ವಾರದ ಶುಕ್ರವಾರ ನಾವು ಒಯ್ದದ್ದು ಅವಳದೇ ಕೆಲಸ. ರಟ್ಟಿನ ಮೇಲೆ ಐದು ಎಲೆ, ಒಂದು ತಲೆಕೆಳಗು, ಎಲ್ಲ ಕಡೆ ಗೋಂದು. ಲಿಜಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇಲ್ಲಿ ಒತ್ತಿದ್ದು ಹೆಬ್ಬೆರಳು. ಚೆನ್ನಾಗಿ ಒತ್ತಿದಾರೆ" ಎಂದು ಖುಷಿಪಟ್ಟಳು. ಬೆಳಕಿಗೆ ಹಿಡಿದು ನಾನೂ ನಲವತ್ತು ವರ್ಷ ನೋಡಿದವನೇ. ಅಷ್ಟು ಕಾಲ ನೋಡಿದರೂ ಒಂದು ದಿನ ಹೀಗೆ ಹೇಳಿದ್ದು ನೆನಪಿಲ್ಲ.

ಮೂರನೆಯ ವಾರ ಹಲಸಿನ ಎಲೆಯ ಬಸವ ಮಾಡಬೇಕಾಗಿತ್ತು. ನಮ್ಮ ಕಡೆ ಮಕ್ಕಳೆಲ್ಲ ಮಾಡುತ್ತಿದ್ದದ್ದು: ತೊಟ್ಟಿನ ಎರಡೂ ಪಕ್ಕ ಎಲೆಯನ್ನು ಸೀಳಿ ಕೊಂಬು ಬಿಡಿಸಿ, ಉಳಿದದ್ದನ್ನು ಸುರುಳಿ ಸುತ್ತಿ ಹೊಟ್ಟೆ ಮಾಡಿ, ಬಿಚ್ಚದ ಹಾಗೆ ಪೊರಕೆಕಡ್ಡಿ ಚುಚ್ಚಿದರೆ ಬಸವ ರೆಡಿ. ಲಿಜಿಗೆ ಅದು ಗೊತ್ತಿರಲಿಲ್ಲ. ಚೆನ್ನಾಜಿಯೇ ಎಡಗೈಯಲ್ಲಿ ನೆಲದ ಮೇಲೆ ಕೊಂಬು, ಬಾಲ ಬರೆದು ತೋರಿಸಿದ್ದಳು. ಉಡಿಗಾಲದಲ್ಲಿ ಚಿಕ್ಕಂದಿನಲ್ಲಿ ಹಿಂಡುಗಟ್ಟಲೆ ಮಾಡಿದ್ದಳಂತೆ, ಯಾವಾಗಲೋ ಹೇಳಿದ್ದಳು. ನಾಲ್ಕು ದಿನ ಒದ್ದಾಡಿದಳು. ಎಲೆ ಹರಿಯಿತು, ಕಡ್ಡಿ ಮುರಿಯಿತು. ಒಂದು ಸಲ ಅತ್ತು ತಟ್ಟೆಯನ್ನೇ ತಳ್ಳಿದಳು. ಗುರುವಾರ ಮಧ್ಯಾಹ್ನ ಒಂದು ಬಸವ ಆಯಿತು. ಒಂದು ಕೊಂಬು ಗಿಡ್ಡ, ಹೊಟ್ಟೆ ಸಡಿಲ, ಕಡ್ಡಿ ಒಂದು ಕಡೆ ಹೊರಗೆ ಬಂದಿತ್ತು. ಅದನ್ನು ಕಿಟಕಿಯ ಮೇಲಿಟ್ಟು, ನನ್ನ ಮುಖ ನೋಡಿ, ಮಲಗಲು ಹೋದಳು. ಆಯಾಸಕ್ಕೆ ಕೂಡಲೇ ನಿದ್ದೆ ಹತ್ತಿತು.

ನಾನು ಅದರ ಎದುರಿಗೇ ಕೂತಿದ್ದೆ. ಕಡ್ಡಿಯನ್ನಷ್ಟೇ ಒಳಗೆ ತಳ್ಳೋಣ ಅಂದುಕೊಂಡೆ. ತಳ್ಳಿದೆ. ಸುರುಳಿ ಬಿಚ್ಚಿಕೊಂಡಿತು. ಬಿಗಿಯಾಗಿ ಸುತ್ತಿದೆ, ಒಣಗಿದ್ದ ಎಲೆ ಸೀಳಿತು. ಆಗಲಾದರೂ ಅದನ್ನು ಹಾಗೇ ಇಡಬಹುದಿತ್ತು. ಇನ್ನೊಂದು ಒಳ್ಳೆಯ ಎಲೆ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಮೆತ್ತಗೆ ಮಾಡಿ, ಕತ್ತರಿಯಿಂದ ಎರಡು ಕೊಂಬು ಸಮನಾಗಿ ಕತ್ತರಿಸಿ, ನೂಲಿನಿಂದ ಮೂಗುದಾರ ಸಮೇತ ಒಂದು ಬಸವ ಮಾಡಿದೆ. ಅವಳದನ್ನು ಒಲೆಗೆ ಹಾಕಿದೆ.

ಎದ್ದು ಬಂದವಳು ಕಿಟಕಿಯ ಹತ್ತಿರ ನಿಂತು ಬಹಳ ಹೊತ್ತು ನೋಡಿದಳು. "ಸ್ವಲ್ಪ ಸರಿ ಮಾಡ್ದೆ ಕಣಮ್ಮಿ, ಬಸ್ಸಲ್ಲಿ ಬಿಚ್ಕೊಂಡ್ರೆ ಅಂತ" ಎಂದೆ. ಅವಳಿಗೆ ಉತ್ತರ ಕೊಡಲು ಮಾತಿರಲಿಲ್ಲ. ಅದು ನನಗೆ ಅನುಕೂಲವೇ ಆಯಿತು.

ಶುಕ್ರವಾರ ಲಿಜಿ ಬಸವವನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು ಕೂಗಿಯೇಬಿಟ್ಟಳು: "ಅಜ್ಜೀ! ಇದು ನೀವು ಮಾಡಿದ್ದಾ?"

ಚೆನ್ನಾಜಿ ಎಡಗೈ ಚಾಚಿ ಬಸವವನ್ನು ತೆಗೆದುಕೊಂಡಳು. ತೆಗೆದುಕೊಂಡು ನನ್ನ ತೊಡೆಯ ಮೇಲಿಟ್ಟಳು. ಇಟ್ಟು ನನ್ನ ಕೈಯನ್ನು ಅದರ ಮೇಲೆ ಒತ್ತಿದಳು. ಇದಕ್ಕಿಂತ ಸ್ಪಷ್ಟವಾಗಿ ಮಾತಿರುವವರೂ ಹೇಳಲಾರರು. ಇದು ಇವರದು, ನನ್ನದಲ್ಲ.

"ಅಯ್ಯೋ, ಅಜ್ಜನಿಗೆ ಗಿಫ್ಟಾ!" ಎಂದು ಲಿಜಿ ನಕ್ಕಳು. ಪಕ್ಕದಲ್ಲಿ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. "ಅವ್ಳು ಅಂಗೇ ಕಣಮ್ಮ, ಏನ್ ಮಾಡಿದ್ರೂ ನಂಗೇ ಕೊಡೋದು" ಎಂದೆ. ಚೆನ್ನಾಜಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ ತಲೆ ಕೆಳಗೆ ಹಾಕಿದಳು.

ಇಲ್ಲೇ ಮಾಡಿ ತೋರಿಸಿ ಎಂದು ಲಿಜಿ ಒಂದು ಎಲೆ ಕೊಟ್ಟಳು. ಚೆನ್ನಾಜಿ ಮುಟ್ಟಲಿಲ್ಲ. "ಜನ ಇದ್ರೆ ನಾಚ್ಕೆ. ಮನೇಲಿ ಸರಸರ ಮಾಡ್ತಾಳೆ" ಎಂದು ನಾನು ಹೇಳಿದೆ. ಹೊರಗೆ ಸಾಲು ಉದ್ದವಿತ್ತು. ಲಿಜಿ ಹೌದೆಂದು ನಂಬಿ ಪುಸ್ತಕದಲ್ಲಿ ಬರೆದುಕೊಂಡಳು.

ಇದಾದ ಮೇಲಾದರೂ ನಿಲ್ಲಿಸಬೇಕಿತ್ತು. ಅವಳು ಅಳುವುದು ನೋಡಲಾಗದೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಕಾಲು ಭಾಗ ನಿಜ. ಉಳಿದ ಮುಕ್ಕಾಲು ಹೇಳಲು ನಾಚಿಕೆ. ನನಗೆ ಆ ಕೆಲಸ ಇಷ್ಟವಾಗಿಬಿಟ್ಟಿತ್ತು. ಆ ರೂಮಿನಲ್ಲಿ ಎಲ್ಲರೂ ಕತ್ತು ಚಾಚಿ ನೋಡಿ, "ಎಷ್ಟ್ ಚೆಂದಾಗದೆ!" ಅಂದದ್ದು ಕಿವಿಯಲ್ಲಿ ನಿಂತಿತ್ತು. ನಲವತ್ತು ವರ್ಷ ಊರಿನವರ ಮೈಗೆ ಬಟ್ಟೆ ಹೊಲಿದೆ, ಒಬ್ಬರೂ ಹೀಗೆ ಅಂದವರಲ್ಲ. ಹೆಚ್ಚೆಂದರೆ "ಭುಜ ಇಡಿಯತ್ತೆ" ಎಂದು ವಾಪಸ್ಸು ತಂದವರೇ.

ಮಾಘದ ನಡುವೆ ನವಿಲು ಶುರು ಮಾಡಿದೆ. ಒಂದು ದೊಡ್ಡ ರಟ್ಟಿಗೆ ಹಳೆಯ ಕೋಟಿನ ಒಳಬಟ್ಟೆ ಬಿಗಿದು, ಅದರ ಮೇಲೆ ಬಾದಾಮಿ ಎಲೆಯ ಮೈ, ಹೊಂಗೆ ಎಲೆಯ ಕತ್ತು, ಗರಿಗೆ ಬೇವಿನ ಎಲೆ, ಒಂದೊಂದು ಗರಿಯ ತುದಿಗೆ ಬಾದಾಮಿಯ ಕಡುಗೆಂಪಿನಿಂದ ಕತ್ತರಿಸಿದ ಕಣ್ಣು. ಎಲೆಯ ಮೇಲೆ ತೆಳು ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆಯನ್ನು ಬಿಸಿ ಆರುವಾಗ ಒತ್ತಿದರೆ ಬಣ್ಣ ನಿಲ್ಲುತ್ತದೆ, ಸುಕ್ಕು ಹೋಗುತ್ತದೆ ಎಂದು ಕಂಡುಕೊಂಡೆ. ಎರಡು ವಾರ ಊಟ ತಿಂಡಿ ಮರೆತೆ. ಚೆನ್ನಾಜಿ ಎದುರಿಗೆ ಗೋಡೆಗೊರಗಿ ಕೂತು ನೋಡುತ್ತಿದ್ದಳು. ಒಂದು ದಿನ ಅವಳು ಚೀಲದಿಂದ ಒಂದು ಒಳ್ಳೆ ಕೆಂಪು ಎಲೆಯನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದು ಎಳೆದಳು. ಪೂರ್ತಿ ಹೊರಗೆ ಬಂತು. ನಾನು ನೋಡಿದೆ. ಆ ಬಣ್ಣ ನನಗೆ ಎದೆಯ ಜಾಗಕ್ಕೆ ಬೇಕಾಗಿತ್ತು. "ಅದನ್ನ ಕೊಡು, ನೀನು ಈ ಹಳದೀದು ತಕೊ" ಎಂದು ಅವಳ ಬೆರಳಿನಿಂದ ಬಿಡಿಸಿಕೊಂಡೆ.

ಬಲಗೈಯಿಂದ ಅವಳು ಎಲೆ ಎತ್ತಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಆಮೇಲೆ ಅವಳು ತಟ್ಟೆಯ ಹತ್ತಿರ ಕೂರುವುದನ್ನು ಬಿಟ್ಟಳು. ಯಾಕೆ ಕೂರಬೇಕು? ಶುಕ್ರವಾರಕ್ಕೆ ಬೇಕಾದ್ದು ತಯಾರಾಗುತ್ತಲೇ ಇತ್ತಲ್ಲ.

ನವಿಲನ್ನು ಲಿಜಿ ಆ ರೂಮಿನ ಗೋಡೆಗೆ ತೂಗುಹಾಕಿದಳು. ಕೆಳಗೆ ಒಂದು ಚೀಟಿ ಅಂಟಿಸಿ ದುಂಡಗೆ ಬರೆದಳು: ಚೆನ್ನಾಜಮ್ಮ, ಗುಂಡ್ಲುಪೇಟೆ. ಬಂದವರಿಗೆಲ್ಲ ತೋರಿಸಿ, "ನೋಡಿ, ಈ ಅಜ್ಜಿಗೆ ಮೊದಲು ಚಮಚ ಹಿಡಿಯಕ್ಕೂ ಆಗ್ತಿರಲಿಲ್ಲ" ಎನ್ನುತ್ತಿದ್ದಳು. ಕುದೇರಿನ ಕಡೆಯ ಒಬ್ಬ ರೈತ ಇದೇ ಕಾಯಿಲೆಯಿಂದ ಬರುತ್ತಿದ್ದ. ಗಟ್ಟಿ ಆಳು. ಅವನು ನವಿಲನ್ನು ನೋಡಿದ, ಚೆಂಡು ಹಿಡಿಯಲಾಗದ ತನ್ನ ಕೈ ನೋಡಿಕೊಂಡ. ಹೆಂಡತಿಗೆ ಮೆಲ್ಲಗೆ, "ನಡಿ ಓಗನ. ನನ್ ಕೈಲಿ ಇಂಥದ್ದೆಲ್ಲ ಆಗಾಕಿಲ್ಲ ಬುಡು" ಅಂದ. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಆಮೇಲೆ ಅವನನ್ನು ಅಲ್ಲಿ ನೋಡಲಿಲ್ಲ. ಅವನು ಬೇರೆ ಯಾವುದೋ ಕಾರಣಕ್ಕೆ ಬರುವುದು ಬಿಟ್ಟಿರಲಿ ಎಂದು ಇವತ್ತಿಗೂ ಬೇಡಿಕೊಳ್ಳುತ್ತೇನೆ.

ಆ ದಿನವೇ ಲಿಜಿ, "ಅಜ್ಜಿ ಇಷ್ಟು ಚೆನ್ನಾಗಿ ಮಾಡ್ತಾರೆ, ಇನ್ನು ವಾರ ವಾರ ಬಸ್ಸಲ್ಲಿ ಕಷ್ಟಪಡೋದು ಬೇಡ. ತಿಂಗಳಿಗೊಮ್ಮೆ ಬನ್ನಿ" ಎಂದಳು. ಬೆರಳಿಗೆ ಕಟ್ಟುವ ಒಂದು ಪಟ್ಟಿ ಇತ್ತು, ಬೆರಳು ಮಡಿಚದ ಹಾಗೆ. ಅದನ್ನು ಕಪಾಟಿನಿಂದ ತೆಗೆದು, ಚೆನ್ನಾಜಿಯ ಕೈ ನೋಡುವ ಬದಲು ನವಿಲನ್ನೇ ನೋಡಿ, "ಇವರಿಗೆ ಇದು ಬೇಕಾಗಲ್ಲ" ಎಂದು ಮತ್ತೆ ಒಳಗಿಟ್ಟಳು. ನಾನು ತಲೆಯಾಡಿಸಿದೆ.

ಶಿವರಾತ್ರಿಯಾದ ಮೇಲೆ ಚೆನ್ನಾಜಿಯ ತಂಗಿ ಪುಟ್ಟಮ್ಮಣ್ಣಿ ಉಡಿಗಾಲದಿಂದ ನೋಡಲು ಬಂದಳು. ಅಷ್ಟು ಹೊತ್ತಿಗೆ ನಾನು ಇನ್ನೊಂದು ರಟ್ಟಿಗೆ ಕೈ ಹಾಕಿದ್ದೆ, ಎಲೆ ಪೋಣಿಸಿ ಮಾಡಿದ ಒಂದು ತೋರಣ ಬಾಗಿಲಿಗೆ ತೂಗುತ್ತಿತ್ತು. ಅವಳು ಬಾಗಿಲಲ್ಲೇ ನಿಂತು ತೋರಣ ಹಿಡಿದು ನೋಡಿದಳು.

"ಅಕ್ಕಯ್ಯ ಮಾಡಿದ್ದಾ ಭಾವ ಇದು?"

"ಹ್ಞೂಂ ಕಣಮ್ಮಿ."

"ಇರುವೆ ಸಾಲು ಓದಂಗದೆ ಒಲಿಗೆ. ಕೈ ನೆಟ್ಟಗಿದ್ದಾಗ್ಲೇ ನಮ್ಮಕ್ಕಯ್ಯ ಇಂಗ್ ಒಲ್ದವಳಲ್ಲ."

"ಆಸ್ಪತ್ರೇಲಿ ಕಲಿಸವ್ರೆ."

"ಆಸ್ಪತ್ರೇಲಿ ಟೈಲರ್ ಕೆಲ್ಸಾನೂ ಕಲಿಸ್ತಾರಾ? ಅಂಗಾದ್ರೆ ನಮ್ಮೆಜಮಾನ್ರುನ್ನೂ ಕಳಿಸ್ತೀನಿ ಬುಡಿ. ಮನೇಲಿ ದಂಡಕ್ಕೆ ಬಿದ್ದವ್ರೆ, ಒಂದ್ ಲಾಡಿಯಾದ್ರೂ ಒಲ್ಯದು ಕಲ್ತ್ಕೊಂಡ್ ಬರ್ಲಿ" ಎಂದು ನಕ್ಕಳು. ಒಳಗೆ ಹೋಗಿ ಅಕ್ಕನ ಪಕ್ಕ ಕೂತು ಬಲಗೈಯನ್ನು ಮಡಿಲಿಗೆ ಎಳೆದುಕೊಂಡಳು. ಬೆರಳು ಬಿಡಿಸಲು ನೋಡಿದಳು. ನಗು ನಿಂತಿತು. ಕಾಫಿ ಕುಡಿದಳು. ಹೊರಡುವಾಗ ಜಗಲಿಯಲ್ಲಿ ನನ್ನನ್ನು ನಿಲ್ಲಿಸಿದಳು.

"ಭಾವ, ಅವ್ಳ ಕೆಲ್ಸ ಅವ್ಳೇ ಮಾಡ್ಲಿ ಬುಡಿ. ಕೆಟ್ರೆ ಕೆಡ್ಲಿ, ಎಲೆ ತಾನೆ?"

"ನಿಂಗೇನ್ ಗೊತ್ತಾದದು? ದಿನಾ ನೋಡ್ಕಳವ್ನು ನಾನು."

"ನೋಡ್ಕಳದು ಬ್ಯಾರೆ ಭಾವ" ಎಂದಳು. ಅಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನನಗೆ ಕೆಟ್ಟ ಕೋಪ ಬಂತು. ಅವಳು ಮೂಲೆ ತಿರುಗುವವರೆಗೂ ನೋಡುತ್ತ ನಿಂತಿದ್ದೆ. ಒಳಗೆ ಬಂದು ತೋರಣದಲ್ಲಿ ಒಂದು ಎಲೆ ಓರೆಯಾಗಿದ್ದದ್ದನ್ನು ಸರಿ ಮಾಡಿದೆ.

ಕುಂಭದ ಬಿಸಿಲು ಏರಿತು. ಬಂಡೀಪುರದ ಕಡೆಯಿಂದ ಬೀಸುವ ಗಾಳಿಯಲ್ಲಿ ಒಣಗಿದ ವಾ​ಸನೆ. ರೋಡಿನ ಎಲೆಗಳೆಲ್ಲ ಲಾರಿಗಳ ಗಾಲಿಗೆ ಸಿಕ್ಕಿ ಪುಡಿಯಾದವು. ಹೊಂಗೆ ಚಿಗುರಿತು. ನನ್ನ ಚೀಲಕ್ಕೆ ಕೆಲಸವಿಲ್ಲದಾಯಿತು. ಆಗ ಬಿಡುವಾಗಿ ಅವಳ ಕೈಯ ಕಡೆ ನೋಡಿದೆ. ಬೆರಳುಗಳು ಒಳಕ್ಕೆ ಮಡಿಚಿ ಮುಷ್ಟಿಯಾಗಿದ್ದವು. ಹೆಬ್ಬೆರಳು ಆ ಮುಷ್ಟಿಯೊಳಗೆ ಹೂತಿತ್ತು. ಬಿಸಿನೀರಿಗೆ ಹಿಡಿದೆ, ಎಣ್ಣೆ ತಿಕ್ಕಿದೆ. ಒಂದೊಂದಾಗಿ ಬಿಡಿಸಿದರೆ ಕೈಬಿಟ್ಟ ಕೂಡಲೇ ಮತ್ತೆ ಮಡಿಚಿಕೊಳ್ಳುತ್ತಿತ್ತು. ನೋವಿಗೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ನನ್ನ ಮುಖ ನೋಡುತ್ತಿರಲಿಲ್ಲ.

ಯುಗಾದಿಯ ಮುಂದಿನ ವಾರ ಲಿಜಿಯ ಹತ್ತಿರ ಹೋದೆವು. ಅವಳು ಆ ಮುಷ್ಟಿ ನೋಡಿ ಬೆಚ್ಚಿಬಿದ್ದಳು. ನವಿಲಿನ ಕಡೆ ತಿರುಗಿ ನೋಡಿದಳು, ಮತ್ತೆ ಕೈಯ ಕಡೆ.

"ಅಜ್ಜಾ, ಇದು ಯಾವಾಗಿಂದ?"

ಅದೇ ಹೊತ್ತಿಗೆ ಬಾಯಿ ಬಿಟ್ಟಿದ್ದರೆ ಅವತ್ತಿನಿಂದಾದರೂ ಸರಿಯಾದ ವ್ಯಾಯಾಮ ಶುರುವಾಗುತ್ತಿತ್ತು. ಆರು ತಿಂಗಳಲ್ಲಿ ಇನ್ನೂ ಎರಡೂವರೆ ತಿಂಗಳು ಉಳಿದಿತ್ತು. ನನ್ನ ಬಾಯಿಂದ ಬಂದದ್ದು ಇದು: "ಹದಿನೈದು ದಿನದಿಂದ ಕಣಮ್ಮ. ಅಲ್ಲೀಗಂಟ ಚೆನ್ನಾಗೇ ಮಾಡ್ತಿದ್ಲು."

ಚೆನ್ನಾಗಿದ್ದ ಕೈ ಇದ್ದಕ್ಕಿದ್ದ ಹಾಗೆ ಹೀಗಾಗಿದೆಯೆಂದರೆ ಎರಡನೆಯ ಸಲ ಲಕ್ವ ಹೊಡೆದಿರಬೇಕು ಎಂದು ಅವಳಿಗೆ ಗಾಬರಿ. ಡಾಕ್ಟರಿಗೆ ಹೇಳಿದಳು. ಅವರು ತಲೆಯ ಸ್ಕ್ಯಾನಿಗೆ ಮೈಸೂರಿಗೆ ಬರೆದರು. ಮಲ್ಲೇಶ ವ್ಯಾನಿಗೆ ರಜ ಹಾಕಿ ಕರೆದುಕೊಂಡು ಹೋದ. ಆ ಸುರಂಗದಂಥ ಮೆಷಿನ್ನಿಗೆ ಚೆನ್ನಾಜಿಯನ್ನು ಮಲಗಿಸಿ ತಳ್ಳುವಾಗ ಹೆದರಿ ಎಡಗೈಯಿಂದ ನನ್ನ ಅಂಗಿ ಹಿಡಿದಳು. ಬಿಡಿಸಿ ಒಳಗೆ ಕಳಿಸಿದೆ. ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಗುದ್ದಿದ ಹಾಗೆ ಸದ್ದು. ಏನೂ ಇಲ್ಲದ್ದನ್ನು ಹುಡುಕುತ್ತಿದ್ದಾರೆ ಎಂದು ಆ ಇಡೀ ಕಟ್ಟಡದಲ್ಲಿ ಮಾತು ಬರುವವರ ಪೈಕಿ ಗೊತ್ತಿದ್ದವನು ನಾನೊಬ್ಬನೇ.

ಹೊಸದೇನೂ ಇಲ್ಲ ಎಂದು ವರದಿ ಬಂತು. ಅದನ್ನು ಲಿಜಿಗೆ ಕೊಟ್ಟಾಗ ಅವಳು ಓದಿ, ಮಡಚಿ, ಮೇಜಿನ ಮೇಲಿಟ್ಟಳು.

"ಅಜ್ಜಾ, ಒಂದು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ. ಆ ನವಿಲು ಅಜ್ಜಿನೇ ಮಾಡಿದ್ದಾ?"

ಮಗ ಪಕ್ಕದಲ್ಲೇ ನಿಂತಿದ್ದ. "ಹೌದಲ್ಲ ಅಪ್ಪ?" ಎಂದು ಅವನೇ ಉತ್ತರ ಕೊಟ್ಟ. ನಾನು ಹೌದು ಎಂದೆ. ಲಿಜಿ, "ಸರಿ ಅಜ್ಜಾ" ಅಂದಳು. ಕಪಾಟಿನಿಂದ ಆ ಪಟ್ಟಿಯನ್ನು ತೆಗೆದು ಕಟ್ಟಲು ನೋಡಿದಳು. ಬೆರಳು ಅಷ್ಟು ಬಿಚ್ಚಲಿಲ್ಲ. ಬಹಳ ಹೊತ್ತು ಪ್ರಯತ್ನಪಟ್ಟಳು. ಹಣೆಯ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಮತ್ತೆ ವಾರ ವಾರ ಹೋದೆವು, ಮಳೆ ಹಿಡಿಯುವವರೆಗೂ. ಕೈ ಬಿಚ್ಚಲಿಲ್ಲ. ಆಮೇಲೆ ಲಿಜಿ ಕೆಲಸ ಬಿಟ್ಟು ಊರಿಗೆ ಹೋದಳೆಂದು ತಿಳಿಯಿತು.

ಮೊನ್ನೆ ಮಾತ್ರೆ ತೆಗೆದುಕೊಳ್ಳದೆ ಬಂದಿದ್ದೆನಲ್ಲ, ನಾಲ್ಕು ದಿನ ಬಿಟ್ಟು ಮತ್ತೆ ಹೋಗಲೇಬೇಕಾಯಿತು. ಈ ಸಲ ಧೈರ್ಯ ಮಾಡಿ ಆ ರೂಮಿನ ಒಳಗೂ ಹೋದೆ. ಗೋಡೆಗೆ ಬಣ್ಣ ಬಳಿದಿದ್ದಾರೆ, ನವಿಲು ಇಲ್ಲ. ಒಬ್ಬ ತರುಣ ಇದ್ದ. ಅವನಿಗೆ ಎಲ್ಲ ಹೇಳಿದೆ, ಬಸವನಿಂದ ಹಿಡಿದು ಸ್ಕ್ಯಾನಿನವರೆಗೆ. ಮೂರು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರ ಮುಂದೆ ಬಾಯಿ ಬಿಟ್ಟಿದ್ದೆ. ಅವನು ತಾಳ್ಮೆಯಿಂದ ಕೇಳಿದ. ನಾನು ಕೇಳಿದ್ದು ಒಂದೇ: ನಾನು ಕೈ ಹಾಕದೆ ಇದ್ದಿದ್ದರೆ ಅವಳ ಕೈ ಬರುತ್ತಿತ್ತೇ?

"ಹೇಳಕ್ಕಾಗಲ್ಲ ಅಜ್ಜ" ಎಂದ. "ಬಂದಿದ್ರೂ ಬರ್ತಿತ್ತು. ಎಷ್ಟ್ ಮಾಡಿದ್ರೂ ಕೆಲವ್ರಿಗೆ ಬರಲ್ಲ. ಈಗ ಅದನ್ನ ಯಾರೂ ಹೇಳಕ್ಕಾಗಲ್ಲ. ಹಳೇದು ಬಿಟ್ಬಿಡಿ."

ಅವನು ಒಳ್ಳೆಯ ಮಾತೇ ಹೇಳಿದ. ಆದರೆ ಅದನ್ನು ಹಿಡಿದುಕೊಂಡು ಸಮಾಧಾನಪಡಲೂ ಆಗಲಿಲ್ಲ, ನಾನೇ ಕೆಡಿಸಿದೆ ಎಂದು ಕೂತು ಅಳಲೂ ಆಗಲಿಲ್ಲ. ಸಂಜೆ ಮನೆಗೆ ಬಂದು ಚೆನ್ನಾಜಿಯ ಎದುರಿಗೆ ಕೂತು ಅವಳಿಗೂ ಹೇಳಿದೆ. "ತಪ್ಪಾಯ್ತು ಕಣಮ್ಮಿ. ನಿನ್ ಕೈಯ ನಾನೇ ಕಿತ್ಕೊಂಡ್ಬುಟ್ಟೆ." ಅವಳು ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ, ಮುಖ ತಿರುಗಿಸಲೂ ಇಲ್ಲ. ನಾನು ಮುಗಿಸಿದ್ದು ಖಾತ್ರಿಯಾದ ಮೇಲೆ ತನ್ನ ಕೆಲಸಕ್ಕೆ ಮರಳಿದಳು. ನನಗೆ ಹೇಳಲು ಮೂರು ವರ್ಷ ಹಿಡಿದದ್ದು ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತಲ್ಲ.

ಅವಳ ಕೆಲಸ ಎಂದೆ. ಹೋದ ವರ್ಷದಿಂದ ಅವಳು ಮತ್ತೆ ಎಲೆ ಹಿಡಿದಿದ್ದಾಳೆ, ಎಡಗೈಯಲ್ಲಿ. ಕಾಲು ಎಳೆಯುತ್ತ ಬೀದಿಯ ಕೊನೆಯ ಹೊಂಗೆಮರದವರೆಗೆ ತಾನೇ ಹೋಗಿ ಸೆರಗಿನಲ್ಲಿ ಎಲೆ ತುಂಬಿಕೊಂಡು ಬರುತ್ತಾಳೆ. ಬಿಚ್ಚದ ಬಲಮುಷ್ಟಿಯನ್ನು ಎಲೆಯ ಮೇಲೆ ಭಾರಕ್ಕೆ ಇಟ್ಟು, ಅದು ಸರಿಯದ ಹಾಗೆ ಒತ್ತಿಕೊಂಡು, ಎಡಗೈಯಿಂದ ಸೂಜಿ ಚುಚ್ಚುತ್ತಾಳೆ. ಎಲೆಗೆ ಎಲೆ ಸೇರಿಸಿ ಹಾಸಿನ ಹಾಗೆ ಹೊಲಿಯುತ್ತಾಳೆ. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಅರ್ಧಕ್ಕರ್ಧ ಎಲೆ ಹರಿದಿರುತ್ತದೆ. ನಾನು ಹತ್ತಿರ ಹೋದರೆ ಅದರ ಮೇಲೆ ಮೈ ಬಗ್ಗಿಸಿ ಮುಚ್ಚಿಕೊಳ್ಳುತ್ತಾಳೆ.

ಒಂದು ಕೈಯಲ್ಲಿ ಹೊಲಿಯಬಹುದು, ಸೂಜಿಗೆ ದಾರ ಪೋಣಿಸಲಾಗದು. ಬೆಳಗ್ಗೆ ಗಾರ್ಮೆಂಟ್ಸ್ ವ್ಯಾನು ಬರುವ ಮುಂಚೆ ಮಂಜುಳ ಹತ್ತು ಸೂಜಿಗೆ ದಾರ ಪೋಣಿಸಿ, ಗಂಟು ಹಾಕಿ, ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಾಳೆ. ಅವಳಿಗೆ ಆ ಹೊತ್ತಿನಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಒಂದು ದಿನ ಕೇಳಿದೆ: "ನೀನ್ಯಾಕಮ್ಮ ಒದ್ದಾಡ್ತೀಯೆ? ನಾನು ಮನೇಲೇ ಇರ್ತೀನಲ್ಲ."

ಮಂಜುಳ ತಲೆ ಎತ್ತದೆ ದಾರದ ತುದಿ ಬಾಯಲ್ಲಿ ಒದ್ದೆ ಮಾಡಿಕೊಂಡಳು. "ನಾನೂ ಅಂಗೇ ಅಂದೆ ಮಾವ. ಸೂಜಿ ಡಬ್ಬಿ ನಿಮ್ಮತ್ರ ಕೊಡಕ್ಕೆ ಓದ್ರೆ ಅತ್ತೆ ನನ್ ಕೈ ಇಡ್ಕೊಂಡ್ಬುಡ್ತಾರೆ."

ಹತ್ತನೆಯ ಸೂಜಿಯ ದಾರ ಸಾಮಾನ್ಯವಾಗಿ ಮಧ್ಯಾಹ್ನ ಎರಡು ಗಂಟೆಗೆ ಮುಗಿಯುತ್ತದೆ. ಮಂಜುಳ ಬರುವುದು ಆರೂವರೆಗೆ. ಚೆನ್ನಾಜಿ ಹತ್ತು ಖಾಲಿ ಸೂಜಿಗಳನ್ನೂ ದಿಂಬಿಗೆ ಚುಚ್ಚಿ, ಅರ್ಧ ಹೊಲಿದ ಎಲೆಗಳನ್ನು ಮಡಿಲಲ್ಲಿಟ್ಟುಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತುಕೊಳ್ಳುತ್ತಾಳೆ. ಎಲೆ ಒಣಗುತ್ತ ಹೋಗುತ್ತದೆ. ನಾನು ಎರಡು ಮಾರು ದೂರದಲ್ಲಿ ಮೆಷಿನ್ನಿಗೆ ಒರಗಿ ಕೂತಿರುತ್ತೇನೆ. ಕನ್ನಡಕ ಇಲ್ಲದೆಯೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಬಲ್ಲೆ. ಅವಳು ಸೊಸೆ ಬರುವವರೆಗೆ ಕಾಯುತ್ತಾಳೆ.